ನಮ್ಮ ಕಡೆ ಯಾರೂ ಇಲ್ಲ

ಜೂನ್ 9, 2024, ಭಾನುವಾರ

ಬೈಯಬೇಕಾದವರನ್ನೆಲ್ಲ ಎದುರಿಗೆ ನಿಲ್ಲಿಸಿಕೊಂಡು ಬೈಯಲಾಗುವುದಿಲ್ಲ. ಅದಕ್ಕೇ ಕಾಲೇಜಿನಲ್ಲಿ ಕೊಟ್ಟ ಈ ಡೈರಿಯನ್ನು ಇವತ್ತು ತೆಗೆದಿದ್ದೇನೆ.

ಬೆಳಿಗ್ಗೆ ಮಾಗಡಿಯ ನಾಗರಾಜು ಫೋನ್ ಮಾಡಿದ. ಹೋದ ಭಾನುವಾರ ಇದೇ ಹಾಲ್‌ನಲ್ಲಿ ಕೂತು ಎರಡು ಸಲ ಕೇಸರಿಬಾತು ಹಾಕಿಸಿಕೊಂಡು, "ನಿಮ್ಮ ಧನುಶ್ರೀ ಇನ್ಮೇಲೆ ನಮ್ಮನೆ ಮಗ್ಳು ಕಣ್ ಮೇಷ್ಟ್ರೇ" ಅಂದು ಹೋಗಿದ್ದ ಮನುಷ್ಯ. ಇವತ್ತು ದನಿಯೇ ಬೇರೆ.

"ಬೇಜಾರ್ ಮಾಡ್ಕಬೇಡಿ ಮೇಷ್ಟ್ರೇ. ಹುಡುಗಿಗೆ ಅದ್ಯಾವ್ದೋ ಕಾಯಿಲೆ ಐತಂತೆ. ರಕ್ತದಲ್ಲೇ ಬರೋದಂತೆ. ನಾಳೆ ಹುಟ್ಟೋ ಮಕ್ಳಿಗೂ ಬತ್ತದಂತೆ."

"ಯಾರು ಹೇಳಿದ್ದು?"

"ಯಾರಾದ್ರೂ ಆಗ್ಲಿ. ನಿಜಾನಾ ಸುಳ್ಳಾ, ಅದ್ ಹೇಳಿ."

"ಶುದ್ಧ ಸುಳ್ಳು. ವಿಟಮಿನ್ ಮಾತ್ರೆ ನುಂಗ್ತಾಳೆ, ಅಷ್ಟೇ."

"ನೋಡಾಣ ಬುಡಿ" ಎಂದು ಫೋನಿಟ್ಟ. ನೋಡೋಣ ಅಂದರೆ ಬೇಡ ಅಂತ ಅರ್ಥ. ಅಷ್ಟು ಗೊತ್ತಾಗದ ದಡ್ಡನಲ್ಲ ನಾನು.

ಎರಡು ವರ್ಷದಿಂದ ಬಚ್ಚಿಟ್ಟುಕೊಂಡು ಬಂದದ್ದು. ರಾಮನಗರದ ಅಂಗಡಿಯವರಿಗೆ ಗೊತ್ತಾಗಬಾರದೆಂದು ಕೆಂಗೇರಿಯಲ್ಲಿ ಇಳಿದು ಮಾತ್ರೆ ತರುತ್ತಿದ್ದೆ. ಮೊದಲೆಲ್ಲ ಖಾಲಿ ಸ್ಟ್ರಿಪ್‌ಗಳನ್ನು ನಾನೇ ಸುಡುತ್ತಿದ್ದೆ. ಲೂಪಸ್. ಈಗ ಇದನ್ನು ಬರೆಯುವಾಗಲೂ ಬಾಗಿಲು ಹಾಕಿದೆಯೇ ಎಂದು ತಿರುಗಿ ನೋಡಿದೆ. ರೋಗಾಣುಗಳ ವಿರುದ್ಧ ಹೋರಾಡಬೇಕಾದ ರಕ್ತ ತನ್ನ ಮೈಯ ಮೇಲೇ ತಿರುಗಿ ಬೀಳುವ ಕಾಯಿಲೆ. ಕೀಲು, ಚರ್ಮ, ಕಿಡ್ನಿ, ಎಲ್ಲಿ ಬೇಕಾದರೂ.

ಹೇಳಿದವರು ಯಾರೆಂದು ನನಗೆ ಗೊತ್ತು. ನನ್ನ ಹೆಂಡತಿ ಅಂಬುಜಳ ಅತ್ತಿಗೆ. ಮಾಗಡಿಯಲ್ಲೇ ಇದ್ದಾಳೆ, ಬಾಯಿಗೆ ಬೀಗವಿಲ್ಲ.

ಜೂನ್ 10, ಸೋಮವಾರ

ಅಂಬುಜಳಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ಕಾಯಿಲೆಯೂ ನಿನ್ನ ತೌರಿನದೇ, ಚಾಡಿಯೂ ನಿನ್ನ ತೌರಿನದೇ ಎಂದು. ಅವಳ ಅವ್ವನಿಗೆ ಬೆರಳ ಗೆಣ್ಣು ಊದುತ್ತಿದ್ದವು, ಚಿಕ್ಕಮ್ಮನಿಗೆ ಥೈರಾಯ್ಡು. ಚನ್ನಪಟ್ಟಣದ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷದಿಂದ ಸೆಕೆಂಡ್ ಪಿಯುಸಿಗೆ ಮೆಂಡೆಲನ ಬಟಾಣಿ ಪಾಠ ಮಾಡುತ್ತಿರುವವನು ನಾನು. ಗಿಡ್ಡ ಗಿಡ ಎಲ್ಲಿಂದ ಬಂತೆಂದು ಹಿಂದಕ್ಕೆ ಹೋದರೆ ಸಿಕ್ಕೇ ಸಿಗುತ್ತದೆ.

ಅವಳು ಅಕ್ಕಿ ತೊಳೆಯುತ್ತಿದ್ದಳು, ತೊಳೆಯುತ್ತಲೇ ಇದ್ದಳು.

ಜೂನ್ 23, ಭಾನುವಾರ

ಧನು ಚಪ್ಪಲಿ ಹಾಕಿಕೊಳ್ಳಲಾಗದೆ ಬಾಗಿಲಲ್ಲಿ ಕೂತಿದ್ದಳು. ಪಾದ ಊದಿ ಹೊಳೆಯುತ್ತಿತ್ತು. ಬೆರಳಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ನಿಂತಿತು.

ಅಂಬುಜ ಅವಳ ಬೀರು ತೆಗೆದು ನೋಡಿದರೆ ಏಪ್ರಿಲ್‌ನಿಂದ ನಾನು ತಂದ ಮಾತ್ರೆಗಳೆಲ್ಲ ಹಾಗೇ ಇವೆ. ಒಂದನ್ನೂ ಒಡೆದಿಲ್ಲ. ಬೀದಿಗೆ ಕೇಳುವಂತೆ ಕಿರುಚಿದೆ. ಇಪ್ಪತ್ತೈದು ವರ್ಷದ ಹುಡುಗಿ, ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಸೆಕ್ಷನ್ ನೋಡಿಕೊಳ್ಳುವವಳು, ಇಷ್ಟು ಬುದ್ಧಿ ಬೇಡವಾ?

ಅವಳು ಕಿರುಚಲಿಲ್ಲ. "ಆ ಮಾತ್ರೆಗೆ ಮುಖ ಊದುತ್ತೆ ಅಪ್ಪ. ಹುಡುಗನ ಕಡೆಯೋರು ಬರೋದ್ರೊಳಗೆ ಮುಖ ಒಸಿ ಇಳಿಸ್ಕೋ ಅಂದಿದ್ಯಾರು?"

ಅಂದಿದ್ದೆ. ವಾಕಿಂಗ್ ಮಾಡು, ಉಪ್ಪು ಕಮ್ಮಿ ಮಾಡು ಅನ್ನುವ ಅರ್ಥದಲ್ಲಿ ಅಂದಿದ್ದೆ. ಮಾತ್ರೆ ಬಿಡು ಅಂತ ಅಂದೆನೇ? ಯಾರಾದರೂ ಬಂದು ಹೇಳಲಿ, ನಾನು ಆ ಮಾತು ಅಂದೆನೇ?

ಜೂನ್ 26, ಬುಧವಾರ

ಬೆಂಗಳೂರು. ಆಸ್ಪತ್ರೆ. ಕಿಡ್ನಿಗೆ ಹೋಗಿದೆ. ಸೂಜಿ ಹಾಕಿ ಕಿಡ್ನಿಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ.

ಡ್ಯೂಟಿಯಲ್ಲಿದ್ದ ಚಿಕ್ಕ ಡಾಕ್ಟರು ಫೈಲ್ ನೋಡುತ್ತಾ, "ಮೂರು ತಿಂಗಳು ಮಾತ್ರೆ ಬಿಟ್ಟಿದಾರೆ. ಮನೇಲಿ ಓದಿದವರು ಯಾರೂ ಇಲ್ವಾ?" ಅಂದ. ಅವನ ಕತ್ತಿನ ಪಟ್ಟಿ ಹಿಡಿಯಬೇಕು ಅನ್ನಿಸಿತು. ಅಂಬುಜ ಮೊಣಕೈ ಹಿಡಿದು ಎಳೆದುಕೊಂಡು ಬಂದಳು.

ಜುಲೈ 4, ಗುರುವಾರ

ಮೂರು ದಿನ ಡ್ರಿಪ್ಪಿನಲ್ಲಿ ಸ್ಟೀರಾಯ್ಡ್ ಕೊಟ್ಟರು. ಊತ ಇಳಿಯುತ್ತಿದೆ. ಕಿಡ್ನಿ ಉಳಿಯುತ್ತದೆಯೋ ಇಲ್ಲವೋ ಆರು ತಿಂಗಳಾದ ಮೇಲೆ ಹೇಳುತ್ತಾರಂತೆ.

ಇವತ್ತು ನೂರೀನ್ ಎಂಬ ಡಾಕ್ಟರು ಬಂದರು. ಮೂವತ್ತೈದರ ಆಸುಪಾಸು, ಮೆಲು ಮಾತು. ಲೂಪಸ್ ಇರುವವರ ಮತ್ತು ಅವರ ಮನೆಯವರ ರಕ್ತ ತೆಗೆದು ಜೀನ್‌ಗಳನ್ನು ಪರೀಕ್ಷೆ ಮಾಡುವ ಸಂಶೋಧನೆ ಅವರದು. ನಮ್ಮ ಮೂವರ ರಕ್ತ ಕೊಡುತ್ತೀರಾ ಎಂದು ಕೇಳಿದರು. ಅಂಬುಜ ಹಿಂದೆ ಮುಂದೆ ನೋಡಿದಳು. ನಾನು ತಕ್ಷಣ ಅಂಗಿಯ ತೋಳು ಮಡಚಿದೆ. ಬರಲಿ ರಿಪೋರ್ಟು. ಯಾರ ಕಡೆಯಿಂದ ಬಂದದ್ದೆಂದು ಕಾಗದದ ಮೇಲೆ ಬರಲಿ. ಅದನ್ನು ತೆಗೆದುಕೊಂಡು ಹೋಗಿ ಮಾಗಡಿಯಲ್ಲಿ ಇವಳ ಅಣ್ಣನ ಮುಂದೆ ಇಡುತ್ತೇನೆ.

ರಕ್ತ ತೆಗೆದ ಮೇಲೆ ಒಂದು ಫಾರಂ ತುಂಬಿಸಿಕೊಂಡರು.

"ಸರ್, ನಿಮ್ಮ ತಂದೆ ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಕೀಲುನೋವು, ಬಿಸಿಲಿಗೆ ಮುಖ ಕೆಂಪಾಗೋದು, ಪದೇಪದೇ ಗರ್ಭ ಹೋಗೋದು, ಕಿಡ್ನಿ ತೊಂದರೆ?"

"ನಮ್ಮ ಕಡೆ ಯಾರೂ ಇಲ್ಲ" ಅಂದೆ.

ಬರೆದುಕೊಂಡರು. ಅಂಬುಜ ನನ್ನ ಕಡೆ ನೋಡಿದಳು. ಏನು ನೋಡುವುದು?

ಜುಲೈ 5, ಶುಕ್ರವಾರ

ಯಾರೂ ಇಲ್ಲ ಅಂದರೆ ಯಾರೂ ಇಲ್ಲ.

ಜುಲೈ 13, ಶನಿವಾರ

ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಇಡ್ಲಿ ತಿನ್ನುತ್ತಿದ್ದೆವು. ಅಂಬುಜ ಪೊಟ್ಟಣದಿಂದ ತಲೆಯೆತ್ತದೆ, "ರೀ, ಮತ್ತೆ ಮಾರಕ್ಕ?" ಅಂದಳು.

ಇಡ್ಲಿ ಬಿಟ್ಟು ಎದ್ದುಬಿಟ್ಟೆ. ಮಾರಕ್ಕ ಹೋಗಿ ಮೂವತ್ತು ವರ್ಷ. ಇವಳು ನಮ್ಮನೆಗೆ ಬಂದದ್ದು ಅದಾಗಿ ಮೂರು ವರ್ಷಕ್ಕೆ. ಕಣ್ಣಿಂದ ನೋಡದವಳು ಮಾತಾಡುತ್ತಾಳೆ! ನಮ್ಮವ್ವನೇ ಹೇಳಿರಬೇಕು.

ಮಾರಕ್ಕ, ಮಾರಮ್ಮ, ನನ್ನ ಸ್ವಂತ ಅಕ್ಕ, ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಕನಕಪುರದ ಕಡೆಗೆ ಕೊಟ್ಟಿದ್ದರು. ಮೂರು ಸಲ ಬಸಿರು ನಿಲ್ಲಲಿಲ್ಲ. ಮುಖದ ಮೇಲೆ ಕೆಂಪಗೆ ಹಬ್ಬಿತು. ಗಂಡನ ಮನೆಯವರು ಟೆಂಪೋ ಹತ್ತಿಸಿ ಕೂಟಗಲ್ಲಿನ ನಮ್ಮ ಮನೆ ಮುಂದೆ ಇಳಿಸಿ ಹೋದರು. ಹೆಣ್ಣು ಕೊಟ್ಟವರ ಎದುರು ಬಾಯಿ ಬಿಡದೆ, ಹೊಸಿಲೂ ತುಳಿಯದೆ ಹೋದ ರಾಕ್ಷಸರು. ಇಪ್ಪತ್ತಾರಕ್ಕೆ ಸತ್ತಳು. ಮೈಯೆಲ್ಲ ಊದಿತ್ತು.

ಆಗ ಈ ಹೆಸರು ಯಾರು ಕೇಳಿದ್ದರು? ಕೂಟಗಲ್ಲಿನಲ್ಲಿ ಯಾವ ಡಾಕ್ಟರಿದ್ದ? ಏನೋ ಒಂದು. ಅದೇ ಇದು ಅಂತ ಯಾರು ಹೇಳಬೇಕು?

ಜುಲೈ 21, ಭಾನುವಾರ

ಕೂಟಗಲ್ಲಿಗೆ ಹೋಗಿ ಬಂದೆ. ಅವ್ವ ಅಣ್ಣನ ಮನೆಯ ಜಗಲಿಯ ಮೇಲೆ ಅವರೆಕಾಳು ಹಸನು ಮಾಡುತ್ತಿದ್ದಳು. ಅವ್ವನಿಗೆ ಎಪ್ಪತ್ತೆಂಟು, ಕಿವಿ ಚುರುಕು.

"ಅಂಬುಜಂಗೆ ಮಾರಕ್ಕನ ವಿಷಯ ಯಾಕೆ ಹೇಳ್ದೆ?" ಅಂದೆ.

"ಯಾಕೇಳ್ಬಾರ್ದು? ಕೂಸಿನ ಮಕ ನೋಡ್ದಾಗ್ಲೇ ನಂಗೆ ತಿಳೀತು ಕಣ್ಲಾ ಯೋಗ. ಎರಡು ಕೆನ್ನೆ ಮ್ಯಾಲೂ ಅದೇ ಕೆಂಪು. ನಿಂಗೂ ತಿಳ್ದಿರ್ತದೆ ಅನ್ಕಂಡಿದ್ದೆ."

"ಆ ಕನಕಪುರದವರು ಆಗ್ಲೇ ಒಳ್ಳೆ ಡಾಕ್ಟರಿಗೆ ತೋರಿಸಿದ್ರೆ—"

"ಅವ್ರು ಸುಡ್ಲಿ. ನಾವೇನ್ ಮಾಡ್ದೋ?" ಅವ್ವ ಕೈ ನಿಲ್ಲಿಸಿದಳು. "ಮನೇಲಿ ಓದಿದೋನು ನೀನೊಬ್ನೇ. ಬಿಎಸ್ಸಿ. ನಿಮ್ಮಪ್ಪ ನಿನ್ನ ಕೇಳ್ದ. ನೀನು ಪುಸ್ತಕ ತಂದು ತೋರಿಸ್ದೆ. ಕುಷ್ಠ ಇರ್ಬೋದು, ತಟ್ಟೆ ಲೋಟ ಬ್ಯಾರೆ ಮಾಡಿ, ಹುಳದ ಮನೆಗೆ ಬುಡಬ್ಯಾಡಿ ಅಂದೆ. ಊರಲ್ಲೇ ಅವ್ಳಂಗೆ ರೇಷ್ಮೆಹುಳ ಸಾಕೋರಿರ್ನಿಲ್ಲ. ಹುಳಕ್ಕೆ ಸೊಪ್ಪಾಕಕ್ಕೂ ಬುಡದೆ ಹಿತ್ಲ ಕೋಣೇಲಿ ಕೂರಿಸ್ದೋ. ಒಂದೊರ್ಸ."

"ಇರ್ಬೋದು ಅಂದೆ. ಐತೆ ಅನ್ಲಿಲ್ಲ."

"ನಿಮ್ಮಪ್ಪಂಗೆ ಅಷ್ಟೇ ಸಾಕಾಯ್ತು ಕಣ್ ಮಗ."

ಅವ್ವನ ಮೇಲೆ ಕೂಗಾಡಿಬಿಟ್ಟೆ. ಅಣ್ಣ ಬೋರಲಿಂಗಯ್ಯ ಒಳಗಿಂದ ಬಂದು, "ಏನ್ಲಾ ಇದು, ವಯಸ್ಸಾದವ್ಳ ಮ್ಯಾಲೆ" ಅಂದ. ಊಟ ಮಾಡದೆ ಬಸ್ಸು ಹತ್ತಿದೆ. ಎಪ್ಪತ್ತೆಂಟರ ನೆನಪಿಗೆ ಏನು ಬೆಲೆ! ಹಳೆಯದೆಲ್ಲ ಕಲಸಿಹೋಗಿರುತ್ತದೆ. ಅಪ್ಪನೇ ಅಂದಿರಬೇಕು, ನಾಟಿ ವೈದ್ಯ ಅಂದಿರಬೇಕು. ನಮ್ಮಪ್ಪ ದೊಡ್ಡಹನುಮಯ್ಯನ ಮನೆಯಲ್ಲಿ ಇಪ್ಪತ್ತು ವರ್ಷದ ಹುಡುಗನ ಮಾತು ಯಾರು ಕೇಳುತ್ತಿದ್ದರು?

ಪುಸ್ತಕ ಹಸಿರು ರಟ್ಟಿನದು. ಎಡಗಡೆ ಪುಟ. ಚಿತ್ರದಲ್ಲಿ ಇದ್ದದ್ದು ಗಂಡಸು.

ಜುಲೈ 22, ಸೋಮವಾರ

ಕಾಲೇಜಿಗೆ ರಜೆ ಹಾಕಿದೆ.

ಆಗಸ್ಟ್ 2, ಶುಕ್ರವಾರ

ವಾರ್ಡಿನಲ್ಲಿದ್ದ ಧನುವಿನ ರಕ್ತ ಪರೀಕ್ಷೆಗೆಂದು ಹೋದವನು ನೂರೀನ್ ಡಾಕ್ಟರ ಕೋಣೆಗೆ ಹೋದೆ. ಜಗಳ ಮಾಡುವುದಕ್ಕೇ ಹೋದದ್ದು.

"ರಿಪೋರ್ಟ್ ಎಲ್ಲಿ? ಯಾರ ಕಡೆಯಿಂದ ಬಂದಿದೆ ಹೇಳಿ. ನನ್ನ ಕಡೆಯಿಂದಲಾ?"

"ಹಾಗೆ ರಿಪೋರ್ಟ್ ಕೊಡಲ್ಲ ಸರ್. ಕೊಡೋಕೆ ಆಗೋದೂ ಇಲ್ಲ."

"ಮತ್ಯಾಕೆ ರಕ್ತ ತಗೊಂಡ್ರಿ?"

ಅವರು ಸಿಟ್ಟಾಗಲಿಲ್ಲ. ಹಾಳೆಯ ಮೇಲೆ ಸಣ್ಣ ಸಣ್ಣ ಚುಕ್ಕೆ ಇಡುತ್ತಾ ಹೇಳಿದರು. ಇದಕ್ಕೆ ಒಂದು ಜೀನ್ ಕಾರಣವಲ್ಲ. ನೂರಕ್ಕೂ ಹೆಚ್ಚು ಕಡೆ ಸಣ್ಣ ಸಣ್ಣ ವ್ಯತ್ಯಾಸಗಳಿವೆ. ಒಂದೊಂದೂ ಒಂದು ಚೂರು ಮುಂದಕ್ಕೆ ತಳ್ಳುತ್ತದೆ, ಅಷ್ಟೇ. ಕೆಲವು ನನ್ನಿಂದ ಬಂದಿರುತ್ತವೆ, ಕೆಲವು ಅಂಬುಜಳಿಂದ. ಮೇಲೆ ಬಿಸಿಲು, ಸೋಂಕು, ಹೆಣ್ಣಿನ ಹಾರ್ಮೋನು.

"ಇವು ನನ್ನ ಮೈಯಲ್ಲೂ ಒಂದಷ್ಟು ಇರುತ್ವೆ ಸರ್. ಇದೇ ಹೊತ್ಕೊಂಡು ಎಷ್ಟೋ ಜನ ತೊಂಬತ್ತು ವರ್ಷ ಗಟ್ಟಿಮುಟ್ಟಾಗಿ ಬದುಕ್ತಾರೆ. ಯುರೋಪಿನವರಿಗಿಂತ ನಮ್ಮ ಏಷ್ಯಾದವರಲ್ಲಿ ಈ ಕಾಯಿಲೆ ಜಾಸ್ತಿ. ಬಂದಾಗ ಕಿಡ್ನಿಗೆ ಹೋಗೋದೂ ಜಾಸ್ತಿ. ಆದ್ರೆ ಯಾವ ವ್ಯತ್ಯಾಸದಿಂದ ಎಷ್ಟು ಅಪಾಯ ಅನ್ನೋ ಪಟ್ಟಿ ಮಾಡಿರೋದು ಹೆಚ್ಚಾಗಿ ಅವರ ರಕ್ತ ನೋಡಿ. ಚೀನಾ, ಜಪಾನ್ ಕಡೆ ಒಂದಷ್ಟು ಕೆಲಸ ಆಗಿದೆ. ನಮ್ಮದು ಬಹಳ ಕಮ್ಮಿ. ಅವರ ಪಟ್ಟಿ ನಮಗೆ ಪೂರ್ತಿ ಹೊಂದಲ್ಲ."

ನನಗೆ ಉರಿದುಹೋಯಿತು. ಹಾಳಾಗುವುದು ನಮ್ಮ ಮಕ್ಕಳ ಕಿಡ್ನಿ, ಪಟ್ಟಿ ಇರುವುದು ಅವರ ರಕ್ತದ್ದು! ಏನು ನ್ಯಾಯ ಇದು ಎಂದು ಮೇಜು ಗುದ್ದಿದೆ.

"ಕೋಪ ಬರಬೇಕಾದ್ದೇ ಸರ್" ಅಂದರು. "ಆದ್ರೆ ನಮ್ಮ ಜನ ಫಾರಂನಲ್ಲಿ 'ನಮ್ಮ ಕಡೆ ಯಾರೂ ಇಲ್ಲ' ಅಂತ ಬರೆಸ್ತಾರಲ್ಲ, ಅದರಿಂದಲೂ ಪಟ್ಟಿ ತಪ್ಪಾಗುತ್ತೆ."

ಅವರು ಎಲ್ಲರಿಗೂ ಅನ್ನುವ ಮಾತಿರಬೇಕು. ನನ್ನನ್ನೇ ನೋಡಿ ಅಂದದ್ದಲ್ಲ.

"ನನಗೊಬ್ಬ ಅಕ್ಕ ಇದ್ದಳು" ಅಂದೆ.

ಹೆಸರು, ವಯಸ್ಸು, ಏನೇನಾಗಿತ್ತು, ಎಲ್ಲ ಕೇಳಿದರು. ಹೇಳಿದೆ. ಕುಷ್ಠದ ಮಾತೊಂದು ಬಿಟ್ಟು. ಅವರು ನಮ್ಮ ಮನೆಯ ವಂಶಾವಳಿ ನಕ್ಷೆ ಬರೆದಿದ್ದರು. ಅಪ್ಪ ಚೌಕ, ಅವ್ವ ವೃತ್ತ, ಅಣ್ಣ ಚೌಕ, ನಾನು ಚೌಕ. ಅಣ್ಣನ ಮತ್ತು ನನ್ನ ನಡುವೆ ಇನ್ನೊಂದು ವೃತ್ತ ಹಾಕಿದರು. "ಆಗ ಪರೀಕ್ಷೆ ಆಗಿಲ್ವಲ್ಲ, ಖಚಿತ ಅನ್ನೋಕಾಗಲ್ಲ" ಎಂದು ಕಾಯಿಲೆಯ ಗುರುತಾದ ಕಪ್ಪನ್ನು ಅರ್ಧಕ್ಕೆ ಮಾತ್ರ ತುಂಬಿದರು. ಸತ್ತವರೆಂಬ ಗುರುತಿಗೆ ಅಡ್ಡ ಗೆರೆ ಎಳೆದರು. ಈ ಚಿತ್ರವನ್ನು ಬೋರ್ಡಿನ ಮೇಲೆ ಸಾವಿರ ಸಲ ಬರೆದಿದ್ದೇನೆ. ಎಕ್ಸಾಮಿಗೆ ಐದು ಮಾರ್ಕಿನ ಪ್ರಶ್ನೆ.

ಕಣ್ಣಿಗೆ ಏನೋ ಬಿತ್ತು. ಆ ಕೋಣೆಯಲ್ಲಿ ಧೂಳು ಬಹಳ.

ಆಗಸ್ಟ್ 19, ಸೋಮವಾರ

ಧನು ಮನೆಗೆ ಬಂದು ವಾರವಾಯಿತು. ಮುಖ ದುಂಡಗಾಗಿದೆ. ನೋಡಲು ಬಂದ ಎದುರು ಮನೆಯವಳು, "ಅಯ್ಯೋ, ಎಷ್ಟ್ ದಪ್ಪ ಆಗ್ಬುಟ್ಟೆ ಕಣವ್ವ" ಅಂದಳು. ಗೇಟಿನವರೆಗೂ ಹೋಗಿ ಅವಳನ್ನು ಕಳಿಸಿ ಗೇಟು ಹಾಕಿಕೊಂಡೆ.

ಮಾತ್ರೆಗಳನ್ನು ನಮ್ಮ ಸರ್ಕಲ್ಲಿನ ಅಂಗಡಿಯಲ್ಲೇ ತಂದೆ. ಕೆಂಗೇರಿಗೆ ಹೋಗಲು ಪುರುಸೊತ್ತಿರಲಿಲ್ಲ.

ಆಗಸ್ಟ್ 25, ಭಾನುವಾರ

ನಾಗರಾಜು ಮತ್ತೆ ಫೋನ್ ಮಾಡಿದ. ಅವನ ಹೆಂಡತಿಗೆ ಧನು ಬಹಳ ಹಿಡಿಸಿಬಿಟ್ಟಿದ್ದಾಳಂತೆ. "ಏನಿಲ್ಲ ಮೇಷ್ಟ್ರೇ, ಹುಡುಗಿಗೆ ಯಾವ ಕಾಯಿಲೇನೂ ಇಲ್ಲ ಅಂತ ಒಬ್ಬ ಡಾಕ್ಟ್ರತ್ರ ಬರೆಸ್ಕೊಡಿ. ನಮ್ಮ ನೆಂಟರ ಬಾಯಿ ಮುಚ್ಚಿಸ್ಬೇಕಲ್ಲ."

ಕನಕಪುರದಲ್ಲಿ ನನ್ನ ಜೊತೆ ಓದಿದ ಡಾಕ್ಟರಿದ್ದಾನೆ. ಕೇಳಿದರೆ ಎರಡು ಸಾಲು ಬರೆದುಕೊಡುತ್ತಾನೆ. ಮದುವೆಯೊಂದು ಆಗಿಬಿಟ್ಟರೆ ಆಮೇಲೆ ಹೇಗೋ.

ಆಗಸ್ಟ್ 28, ಬುಧವಾರ

ಕನಕಪುರಕ್ಕೆ ಹೋದೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಟೀ ಕುಡಿದೆ. ಟೆಂಪೋದವರು ಹಳ್ಳಿಗಳ ಹೆಸರು ಕೂಗುತ್ತಿದ್ದರು. ಅದರಲ್ಲಿ ಮಾರಕ್ಕನನ್ನು ಕೊಟ್ಟಿದ್ದ ಊರೂ ಇತ್ತು. ಸ್ವಲ್ಪ ಹೊತ್ತು ನಿಂತಿದ್ದು, ಬಂದ ಬಸ್ಸಿಗೇ ಹತ್ತಿ ವಾಪಸ್ಸು ಬಂದೆ. ಬಿಸಿಲು ಜಾಸ್ತಿ ಇತ್ತು.

ಸೆಪ್ಟೆಂಬರ್ 15, ಭಾನುವಾರ

ನಾಗರಾಜುವೂ ಅವನ ಹೆಂಡತಿಯೂ ಹೇಳದೆ ಕೇಳದೆ ಬಂದರು. ಹಬ್ಬದ ಬಾಳೆಹಣ್ಣು ತಂದಿದ್ದರು. ಕಾಫಿ ಆದ ಮೇಲೆ, "ಆ ಕಾಗದ ಆಯ್ತಾ ಮೇಷ್ಟ್ರೇ?" ಅಂದ.

ಇಲ್ಲ ಎಂದು ಸುಮ್ಮನಾಗಬಹುದಿತ್ತು. ಆಗಲಿಲ್ಲ. ಎದ್ದು ನಿಂತೆ.

"ಆಗಿಲ್ಲ, ಆಗೋದೂ ಇಲ್ಲ. ನನ್ನ ಮಗಳಿಗೆ ಲೂಪಸ್ ಇದೆ. ಕಿಡ್ನಿಗೂ ಹೋಗಿದೆ. ಮಾತ್ರೆ ತಗೋತಾಳೆ, ಜೀವಮಾನ ಪೂರ್ತಿ ತಗೋಬೇಕಾಗಬಹುದು. ನಮ್ಮಕ್ಕನಿಗೂ ಇದೇ ಇತ್ತು ಅಂತ ಕಾಣುತ್ತೆ. ಅವಳ ಗಂಡನ ಮನೆಯೋರು ಅವಳನ್ನ ತಂದು ಬೀದೀಲಿ ಇಳಿಸಿದ್ರು. ನಾನು ಕುಷ್ಠ ಅಂತ ಹೇಳಿ ಅವಳ ತಟ್ಟೆ ಬೇರೆ ಮಾಡಿಸಿದೆ. ನಾನು, ನಾನೇ! ವಂಶದಲ್ಲಿ ಏನೈತೆ ಅಂತ ಕೇಳ್ತೀರಲ್ಲ, ನಮ್ಮ ವಂಶದಲ್ಲಿ ಇದೂ ಐತೆ. ಬರ್ಕೊಳ್ಳಿ. ನಿಮ್ಮ ನೆಂಟರಿಗೆಲ್ಲ ಹೇಳಿ."

ನನ್ನ ದನಿ ಎಷ್ಟು ಜೋರಿತ್ತೋ, ಎದುರು ಮನೆಯ ಕಿಟಕಿ ತೆರೆಯಿತು. ನಾಗರಾಜು ಬೆಪ್ಪಾಗಿ ಹೆಂಡತಿಯ ಮುಖ ನೋಡಿದ. ಆಕೆಯೇ ಮೊದಲು ಎದ್ದಳು. ಬಾಗಿಲಲ್ಲಿ ಅಂಬುಜಳ ಕೈ ಹಿಡಿದು, "ಒಂದು ಮಾತು ನಮಗೂ ಮೊದ್ಲೇ ಹೇಳ್ಬೌದಿತ್ತು ಕಣಮ್ಮ" ಅಂದು ಹೋದಳು. ತಪ್ಪೇನಿಲ್ಲ ಆ ಮಾತಿನಲ್ಲಿ.

ಬೆವರು ಒರೆಸಿಕೊಂಡು ತಿರುಗಿದರೆ ಧನು ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಮೆಚ್ಚುತ್ತಾಳೆ ಅಂದುಕೊಂಡಿದ್ದೆ. ಅವಳ ಕಣ್ಣು ಕೆಂಡ.

"ಬೀದಿಗೆಲ್ಲ ಸಾರಿಬಿಟ್ಯಲ್ಲ. ನನ್ನ ಕೇಳಿದ್ಯಾ?"

"ನಿನಗೋಸ್ಕರ ಅಲ್ವೇನೇ—"

"ಎರಡು ವರ್ಷ ಬಚ್ಚಿಟ್ಟಾಗ್ಲೂ ಕೇಳ್ಲಿಲ್ಲ, ಇವತ್ತು ಕೂಗಿದಾಗ್ಲೂ ಕೇಳ್ಲಿಲ್ಲ. ಕಾಯಿಲೆ ಯಾರದಪ್ಪ? ನಿಂದಾ, ನಂದಾ?" ಬಾಗಿಲಚೌಕಟ್ಟು ಹಿಡಿದುಕೊಂಡಳು. "ಅವತ್ತು ಯಾರು ಹೇಳಿದ್ರು, ಯಾರು ಹೇಳಿದ್ರು ಅಂತ ಅಮ್ಮನ ಜೀವ ತಿಂದ್ಯಲ್ಲ. ನಾನೇ ಹೇಳಿದ್ದು. ಅವರು ನೋಡ್ಕೊಂಡು ಹೋದ ಮೂರನೇ ದಿನ ಪುನೀತ್‌ಗೆ ಫೋನ್ ಮಾಡಿ ಎಲ್ಲಾ ಹೇಳ್ದೆ. ಮದುವೆ ಆಗೋನಿಗೆ ಗೊತ್ತಿರಬೇಕಲ್ವಾ? ಪರವಾಗಿಲ್ಲ ಅಂದ. ಅವರಪ್ಪನಿಗೆ ಗೊತ್ತಾದ ಮೇಲೆ ಫೋನ್ ಎತ್ತೋದು ನಿಲ್ಲಿಸ್ದ. ಅವರಪ್ಪನ ಮುಂದೆ ನೀನು ವಿಟಮಿನ್ ಮಾತ್ರೆ ಅಂದ್ಯಂತೆ. ಕಾಯಿಲೆ ಕಟ್ಟಿ ಹೇಳಿದೋಳು ಅಂತ ಅವನ ಕಣ್ಣಲ್ಲಿ ನಾನೇ ಸುಳ್ಳುಗಾತಿ ಆದೆ."

ಬಾಗಿಲು ಹಾಕಿಕೊಂಡಳು.

ಸೆಪ್ಟೆಂಬರ್ 17, ಮಂಗಳವಾರ

ಧನು ಮಾತಾಡುತ್ತಿಲ್ಲ. ಅಂಬುಜಳ ಅತ್ತಿಗೆಗೆ ಫೋನ್ ಮಾಡಿ ತಪ್ಪಾಯಿತು ಅಂದೆ. ಯಾವುದಕ್ಕೆ ಎಂದು ಕೇಳಿದಳು. ಪಾಪ, ಅವಳ ಮೇಲೆ ಇಂಥದ್ದೊಂದು ಆರೋಪ ಇತ್ತೆಂಬುದೇ ಅವಳಿಗೆ ಗೊತ್ತಿರಲಿಲ್ಲ. ಅಂಬುಜ ಪಕ್ಕದಲ್ಲಿ ನಿಂತು ಕೇಳಿಸಿಕೊಂಡಳು. ಫೋನ್ ಇಟ್ಟ ಮೇಲೆ, "ನನಗೆ?" ಅಂದಳು.

ಹೇಳಿದೆ. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲವಿರಬೇಕು. ಅವಳು ಪೂರ್ತಿ ಆಗುವವರೆಗೆ ಕಾದಳು. ಆಮೇಲೆ, "ಇನ್ನೊಂದು ಸಲ ನನ್ನ ತೌರಿನ ಮಾತೆತ್ತಿದ್ರೆ ನಾನು ಈ ಮನೇಲಿರಲ್ಲ" ಅಂದು ಒಳಗೆ ಹೋದಳು.

ಸೆಪ್ಟೆಂಬರ್ 29, ಭಾನುವಾರ

ನಾಳೆಯಿಂದ ಧನು ಕೆಲಸಕ್ಕೆ ಹೋಗುತ್ತಾಳೆ. ಮೂತ್ರದಲ್ಲಿ ಪ್ರೋಟೀನು ಹೋಗುವುದು ಅರ್ಧಕ್ಕೆ ಇಳಿದಿದೆಯಂತೆ. ಬೇಡ, ಇನ್ನೊಂದು ತಿಂಗಳು ಮನೆಯಲ್ಲಿರು ಅನ್ನುವ ಮಾತು ನಾಲಗೆ ತುದಿಗೆ ಬಂತು. "ಹೋಗಬೇಕು ಅನ್ನಿಸುತ್ತಾ?" ಎಂದು ಕೇಳಿದೆ. "ಹೂಂ" ಅಂದಳು. ಎರಡು ವಾರಕ್ಕೆ ಅದೇ ಮೊದಲ ಮಾತು. ಫ್ಯಾಕ್ಟರಿಯಲ್ಲಿ ಯಾರಿಗೆ ಹೇಳುವುದು, ಯಾರಿಗೆ ಬಿಡುವುದು, ಅದು ತನ್ನಿಷ್ಟ ಎಂದೂ ಅಂದಳು. ಸರಿ ಅಂದೆ.

ಹನ್ನೊಂದರ ಹೊತ್ತಿಗೆ ನಾನು ಹಾಲ್‌ನಲ್ಲಿ ಪೇಪರು ತಿದ್ದುತ್ತಿದ್ದಾಗ ಬಂದು ಎದುರಿಗೆ ಕೂತಳು.

"ಮಾರತ್ತೆ ಹೆಂಗಿದ್ರು ಅಪ್ಪ?"

"ಕೊನೇಲಿ ಬಹಳ ಊದಿಕೊಂಡಿದ್ದಳು. ಕೂದಲೆಲ್ಲ—"

"ಅದಲ್ಲ. ಕಾಯಿಲೆ ಬಿಟ್ಟು ಹೇಳು."

ನೆನಪಿಗೆ ಬಂದದ್ದು ಹಿತ್ತಲ ಕೋಣೆ, ಬೇರೆ ತಟ್ಟೆ, ಸೆರಗು ಮುಚ್ಚಿದ ಮುಖ, ಇಷ್ಟೇ ಮತ್ತೆ ಮತ್ತೆ. ನನ್ನ ಮೇಲೇ ನನಗೆ ರೇಗಿತು. ಬೆನ್ನ ಮೇಲೆ ಹೊತ್ತು ಬೆಳೆಸಿದವಳು. ಅವಳ ನಗು ಹೇಗಿತ್ತೆಂದೂ ನೆನಪಿಲ್ಲವೇ? ಪೆನ್ನು ಮುಚ್ಚಿಟ್ಟೆ. ಧನು ಏಳಲಿಲ್ಲ, ಕಾದಳು.

ಆಮೇಲೆ ಬಾವಿ ಬಂತು. ನನಗೆ ಏಳು ವರ್ಷ, ಅವಳಿಗೆ ಹದಿಮೂರು. ಲಂಗ ಕಚ್ಚೆ ಕಟ್ಟಿಕೊಂಡು ಮೇಲಿನ ಮೆಟ್ಟಿಲಿಂದಲೇ ಧುಮುಕುತ್ತಿದ್ದಳು. ಗಂಡುಹುಡುಗರೂ ಅಷ್ಟು ಎತ್ತರದಿಂದ ಧುಮುಕುತ್ತಿರಲಿಲ್ಲ. ನನಗೆ ಈಜು ಕಲಿಸುತ್ತೇನೆಂದು ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ನೀರಿಗೆ ಇಳಿಸಿದಳು. ನಡು ನೀರಿಗೆ ಹೋದಾಗ ಬುರುಡೆ ಬಿಚ್ಚಿಕೊಂಡಿತು. ನಾನು ಗುಟುಕು ನೀರು ಕುಡಿಯುತ್ತಾ ಕೈಕಾಲು ಬಡಿಯುತ್ತಿದ್ದರೆ ಅವಳು ಮೆಟ್ಟಿಲ ಮೇಲೆ ಕೂತು, "ಬಾರ್ಲಾ ಯೋಗ, ಬಾ, ಬಂದೇಬುಟ್ಟೆ ನೋಡು" ಎಂದು ಕೂಗುತ್ತಿದ್ದಳು. ಬಂದೇಬಿಟ್ಟೆ. ಮೆಟ್ಟಿಲು ಹಿಡಿದ ಮೇಲೆ ನೋಡಿದರೆ ಬುರುಡೆ ಅವಳ ಕೈಯಲ್ಲಿದೆ. ಬಿಚ್ಚಿಕೊಂಡದ್ದಲ್ಲ, ಅವಳೇ ಬಿಚ್ಚಿದ್ದು.

ಧನು ನಕ್ಕಳು. ದುಂಡಗಿನ ಮುಖದಲ್ಲಿ ಕಣ್ಣು ಮುಚ್ಚಿಹೋದವು. ಅಡುಗೆಮನೆಯ ಬಾಗಿಲಿಗೆ ಅಂಬುಜ ಬಂದು ನಿಂತಿದ್ದಳು, ಕೈಯಲ್ಲಿ ಸೌಟು.

"ಅಷ್ಟೇನಾ?" ಅಂದಳು ಧನು.

"ತಡಿ, ಇನ್ನೂ ಐತೆ" ಅಂದೆ.

ಇತ್ತು.